ಕುರ್ಚಿಯಷ್ಟು ಜಾಗ

"ಅಕ್ಕ, ಕುರ್ಚಿ ಎತ್ಕೊಳ್ಳಿ. ಮೆಷಿನ್ ಬಂದಿದೆ," ಎಂದ ವಸತಿ ಸಂಘದ ಕಾರ್ಯದರ್ಶಿ.

ಕಂಡಕ್ಟರಮ್ಮ ಏಳಲಿಲ್ಲ. ನಿವೃತ್ತಿಯಾಗಿ ಮೂರು ವರ್ಷವಾದರೂ ಕಟ್ಟಡದವರಿಗೆಲ್ಲ ಆಕೆ ಇನ್ನೂ ಕಂಡಕ್ಟರಮ್ಮನೇ. ಕಾಂಪೌಂಡ್ ಗೋಡೆಯುದ್ದಕ್ಕೂ ಸೊಂಟದೆತ್ತರ ಬೆಳೆದ ಕಾಡುಗಿಡಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ಬಂದು ಕುಳಿತಿದ್ದಳು.

ಇಪ್ಪತ್ತೆಂಟು ವರ್ಷ ಒಂದೇ ರೂಟಿನಲ್ಲಿ ಟಿಕೆಟ್ ಹರಿದವಳು. ಆ ರಸ್ತೆಯ ಬದಿಗೆ ವರ್ಷವರ್ಷವೂ ನೇರಳೆ ಹೂ ಬಿಡುತ್ತಿದ್ದ ಗಿಡ ಇದು. ರಸ್ತೆ ಅಗಲ ಮಾಡುವ ಯಂತ್ರಗಳು ಬಂದ ವಾರ, ಬೇರುಗಡ್ಡೆಗಳನ್ನು ಅಗೆದು ಟಿಕೆಟ್ ಚೀಲದಲ್ಲೇ ತುಂಬಿ ತಂದು ಈ ಗೋಡೆಯ ಬುಡಕ್ಕೆ ನೆಟ್ಟಿದ್ದಳು. ಮೊದಲ ವರ್ಷ ನಾಲ್ಕೆಲೆ. ಬೇಸಿಗೆಗೆ ಅದೂ ಒಣಗಿ ನೆಲ ಬೋಳಾದಾಗ ಪಕ್ಕದ ಮನೆಯವರು ಸಾವಿನ ಮನೆಗೆ ಬಂದವರಂತೆ ಸಮಾಧಾನ ಹೇಳಿಹೋದರು. ಎರಡನೇ ವರ್ಷ ಬರೀ ಎಲೆ. ಈ ವರ್ಷ ಮೊಗ್ಗು ಬಂತು, ಬೆನ್ನಿಗೇ ಸಂಘದ ನೋಟಿಸೂ ಬಂತು: ಕಳೆ ಬೆಳೆದಿದೆ, ಜೇನ್ನೊಣ ಬರುತ್ತವೆ, ಸೋಮವಾರ ಕತ್ತರಿಸಲಾಗುವುದು.

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿದ್ದು ಎಂದು ಮಗಳು ಫೋನಿನಲ್ಲಿ ಬೈದಿದ್ದಳು. ಇರಬಹುದು ಎಂದಿದ್ದಳು ಕಂಡಕ್ಟರಮ್ಮ.

ಮಕ್ಕಳಿಗೆ ಕಚ್ಚಿದರೆ ಯಾರು ಹೊಣೆ, ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದಾರೆ ಎಂದು ಕಾರ್ಯದರ್ಶಿ ವಾದಿಸಿದ.

"ಎಲ್ಲರೂ ಎಲ್ಲಿ? ನಾನು ಎತ್ತಿಲ್ವಲ್ಲ. ಮೂರು ವರ್ಷ ಕಾದಿದ್ದೀನಿ ಸಾರ್. ಅರಳೋವರೆಗೂ ಏಳಲ್ಲ."

ಮೆಷಿನ್‌ನವನು ಇಬ್ಬರ ಮುಖವನ್ನೂ ನೋಡಿದ. ಸುತ್ತಲಿನದನ್ನು ಕತ್ತರಿಸು, ಕೂತು ಕೂತು ಅವರೇ ಎದ್ದುಹೋಗುತ್ತಾರೆ ಎಂದ ಕಾರ್ಯದರ್ಶಿ. ಬ್ಲೇಡು ತಿರುಗಿತು. ಗಿಡಗಳು ಮೊಗ್ಗು ಸಮೇತ ಮಗ್ಗುಲಾಗುತ್ತ ಬಂದವು. ಕಾರ್ಯದರ್ಶಿಯ ಎದುರು ಅಳುವುದಕ್ಕೆ ಕಂಡಕ್ಟರಮ್ಮನಿಗೆ ಮನಸ್ಸಿರಲಿಲ್ಲ. ಸೀರೆಯ ಮೇಲೆ ಹಸಿರು ಚೂರುಗಳು ಹಾರಿ ಬಿದ್ದರೂ ಕೊಡವಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕುರ್ಚಿಯ ಕಾಲುಗಳ ಸುತ್ತ ಹತ್ತಿಪ್ಪತ್ತು ಗಿಡ ಉಳಿದಿದ್ದವು, ಅಷ್ಟೇ.

"ಇನ್ನಾದರೂ ಏಳ್ತೀರಾ?" ಎಂದ ಕಾರ್ಯದರ್ಶಿ.

"ನೀವು ತಲೆ ಕತ್ತರಿಸಿದ್ದೀರಿ. ಬೇರು ಮೊಳದಷ್ಟು ಕೆಳಗಿದೆ. ಮುಂದಿನ ಮಳೆಗೆ ಅದು ಬರುತ್ತೆ, ನಾನೂ ಬರ್ತೀನಿ. ನೀವು ನೋಟಿಸ್ ಬರೆದಿಟ್ಕೊಳ್ಳಿ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಒಂದು ಜೇನ್ನೊಣ ಗುಂಯ್‌ಗುಟ್ಟುತ್ತ ಬಂದದ್ದು ಕಂಡು ಮೂರು ಹೆಜ್ಜೆ ಹಿಂದಕ್ಕೆ ಸರಿದ. ನೊಣ ಬೋಳುನೆಲದ ಮೇಲೆ ಎರಡು ಸುತ್ತು ಹಾಕಿ, ಅವಳ ಮೊಣಕಾಲಿನ ಪಕ್ಕದಲ್ಲಿ ಅರೆಬಿರಿದಿದ್ದ ಹೂವಿನ ಕಡೆಗೆ ಇಳಿಯಿತು.

ಕಂಡಕ್ಟರಮ್ಮ ಕಾಲನ್ನು ಚೂರು ಬದಿಗೆ ಸರಿಸಿ ಅದಕ್ಕೆ ಜಾಗ ಬಿಟ್ಟಳು.