ಸ್ಥಳ ಎಂಬ ನಾನು, ಬಾಲ ಎಂಬ ಸವತಿ

ರಾತ್ರಿ ಹನ್ನೊಂದು ದಾಟಿತ್ತು. ‘ಕರಕ್’ ಎಂದು ಕತ್ತರಿಯ ಸಣ್ಣ ಸದ್ದಾಯಿತು. ಮಲಗಿದ ಮಕ್ಕಳು ಎದ್ದಾರೆಂದು ಸೆರಗಿನಡಿ ಹಿಡಿದು ನಿಧಾನವಾಗಿ ಕತ್ತರಿಸಿದ ಸದ್ದು. ಖಾಲಿ ಔಷಧಿ ಡಬ್ಬಿಯ ರಟ್ಟಿನಿಂದ ಅಂಗೈಯಗಲದ ತುಂಡೊಂದು ಬೇರೆಯಾಯಿತು. ಅದರ ಮೇಲೆ ಒಬ್ಬ ಹೆಂಗಸು ಪೆನ್ಸಿಲ್ಲಿನಿಂದ ಒಂದು ಸಾಲು ಬರೆದಳು, ಓದಿಕೊಂಡಳು, ಒಂದು ಪದ ಅಳಿಸಿ ಮತ್ತೆ ಅದನ್ನೇ ಬರೆದಳು. ಆ ಸಾಲು ನಾನು.

ನಾನು ಒಂದು ನಿಯಮ. ಮನುಷ್ಯರು ಬರೆದದ್ದನ್ನು ಯಂತ್ರ ಬಿಡಿಸಿ ಓದಬೇಕಾದರೆ ನನ್ನಂಥವರು ಬೇಕು. ಯಾವುದರ ಪಕ್ಕ ಯಾವುದು ಕೂರಬಹುದು, ಯಾವುದರೊಳಗೆ ಯಾವುದು ಅಡಗಬಹುದು ಎಂದು ನಾವು ಹೇಳಿಕೊಡುತ್ತೇವೆ. ನನ್ನ ಮೈಯಲ್ಲಿ ಬರೆದಿದ್ದದ್ದು ಇಷ್ಟೇ: ‘ಸ್ಥಳ ಎಂದರೆ ಒಂದು ಸ್ಥಳ, ಅದರ ಮುಂದೆ ಒಂದು ದಿಕ್ಕು, ಅದರ ಮುಂದೆ ಒಂದು ಗುರುತು. ಇಲ್ಲವೇ, ಬರೀ ಒಂದು ಗುರುತು.’

ಗುಡಿ ಒಂದು ಗುರುತು. ಅಷ್ಟಕ್ಕೇ ಅದು ಒಂದು ಸ್ಥಳವೂ ಹೌದು. ‘ಗುಡಿ ಹಿಂದೆ ಕಟ್ಟೆ’ ಎಂದರೆ ಅದೂ ಸ್ಥಳ. ಅಲ್ಲಿಂದ ಮುಂದೆ ‘ಎದುರು ಮನೆ’ ಎಂದರೆ ಅದೂ ಸ್ಥಳವೇ. ವಿಳಾಸ ಎಷ್ಟುದ್ದ ಬೆಳೆದರೂ ನಾನೊಬ್ಬಳೇ ಸಾಕಿತ್ತು, ಏಕೆಂದರೆ ನನ್ನ ಹೊಟ್ಟೆಯೊಳಗೆ ನಾನೇ ಇದ್ದೆ. ಇದು ನನ್ನ ಹೆಮ್ಮೆಯಾಗಿತ್ತು. ಮುಂದೆ ಇದೇ ನನಗೆ ಕುತ್ತಾಯಿತು.

ನನ್ನನ್ನು ಬರೆದವಳು ಶಶಿರೇಖಾ ಬಣಕಾರ. ರಾಣೆಬೆನ್ನೂರಿನಲ್ಲಿ, ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಟ್ರಸ್ಟಿನ ಮಹಡಿ ಕೋಣೆಯಲ್ಲಿ ಆಕೆಯ ಕೆಲಸ. ಟ್ರಸ್ಟಿಗೆ ಒಂದು ಜೀಪು, ಒಬ್ಬ ಸಿಸ್ಟರ್, ಮೈಲಾರಪ್ಪ ಎಂಬ ಚಾಲಕ. ಹಳ್ಳಿಗಳ ವಿಳಾಸಕ್ಕೆ ಮನೆ ನಂಬರೂ ಇಲ್ಲ, ಬೀದಿಯ ಹೆಸರೂ ಇಲ್ಲ. ‘ಗಿರಣಿ ಬಾಜೂಕ’, ‘ಬೇವಿನ ಮರದ ಕೆಳಗ’ ಎಂದಷ್ಟೇ ಜನ ಬರೆಸುತ್ತಾರೆ. ಅದನ್ನು ಓದಿ ನಕ್ಷೆಯಲ್ಲಿ ಮನೆ ತೋರಿಸುವ ಯಂತ್ರಕ್ಕೆ ಬೇಕಾದ ನಿಯಮಗಳ ಕಟ್ಟನ್ನು ಆಕೆ ತಯಾರಿಸುತ್ತಿದ್ದಳು. ಅದನ್ನು ಲೈಬ್ರರಿ ಎನ್ನುತ್ತಿದ್ದರು. ಪುಸ್ತಕದ ಕೋಣೆಯಲ್ಲ, ಯಾರು ಬೇಕಾದರೂ ಎತ್ತಿಕೊಂಡು ಹೋಗಿ ತಮ್ಮ ಕೆಲಸಕ್ಕೆ ಹಚ್ಚಬಹುದಾದ ಬರಹದ ಗಂಟು. ಅದರಲ್ಲಿ ಮೊದಲನೆಯವಳು ನಾನು. ಮರುದಿನ ಬೆಳಿಗ್ಗೆ ಆಕೆ ನನ್ನನ್ನು ಕಂಪ್ಯೂಟರಿಗೆ ಏರಿಸಿದಳು. ರಟ್ಟನ್ನು ಮಾತ್ರ ಎಸೆಯಲಿಲ್ಲ, ಬುತ್ತಿಯ ಚೀಲದ ಒಳಜೇಬಿನಲ್ಲಿ ಇಟ್ಟುಕೊಂಡಳು. ಹೀಗೆ ನಾನು ಒಂದೇ ಕಾಲಕ್ಕೆ ಎರಡು ಕಡೆ ಇರತೊಡಗಿದೆ.

ಎರಡು ವರ್ಷ ನನ್ನದೇ ದರ್ಬಾರು. ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ನನ್ನನ್ನು ಒಯ್ದು ತಮ್ಮ ಲಾರಿಗಳಿಗೆ ಹಾದಿ ಹುಡುಕಿಸಿಕೊಂಡರು. ಅಲ್ಲಿ ಘಾಟು ಬಹಳ, ಆದರೆ ಮರ್ಯಾದೆಗೆ ಕೊರತೆ ಇರಲಿಲ್ಲ. ಹಾಲಿನ ಸಂಘವೊಂದು ಒಯ್ದಿತು. ಬೀಜದ ಅಂಗಡಿಯವರು ಒಯ್ದರು. ಲೈಬ್ರರಿಯ ಮೊದಲ ಪುಟದಲ್ಲಿ ‘ಬರೆದವರು: ಶಶಿರೇಖಾ ಬಣಕಾರ’ ಎಂಬ ಒಂದೇ ಹೆಸರಿತ್ತು. ಆಕೆ ದಿನಕ್ಕೊಮ್ಮೆಯಾದರೂ ಆ ಪುಟ ತೆರೆದು, ಏನೋ ಬೇರೆ ಹುಡುಕುವವಳಂತೆ ನೋಡಿ ಮುಚ್ಚುತ್ತಿದ್ದಳು.

ನಮ್ಮ ಹಳೆಯ ಯಂತ್ರ ನಿಧಾನದ್ದು. ಒಂದೊಂದೇ ಪದ ಎತ್ತಿಕೊಂಡು, ಇಟ್ಟಿಗೆ ಜೋಡಿಸಿದಂತೆ ಕೆಳಗಿನಿಂದ ಕಟ್ಟುತ್ತಿತ್ತು. ವಿಳಾಸಗಳು ಸಾವಿರಗಟ್ಟಲೆ ಆದ ಮೇಲೆ ಜೀಪು ಹೊರಡುವ ಹೊತ್ತಾದರೂ ಅದರ ಓದು ಮುಗಿಯುತ್ತಿರಲಿಲ್ಲ. ಆಗ ಟ್ರಸ್ಟಿನವರು ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು. ತಸ್ಲೀಮಾ ಕಿತ್ತೂರ, ಹುಬ್ಬಳ್ಳಿಯವಳು, ಇಪ್ಪತ್ತಾರು ವರ್ಷ. ನಡೆದರೆ ಓಡಿದಂತೆ, ನಕ್ಕರೆ ಕೆಳಗಿನ ದವಾಖಾನೆಗೂ ಕೇಳುವಂತೆ. ಜೊತೆಗೆ ಹೊಸ ಯಂತ್ರವನ್ನೂ ತಂದಳು.

ಹೊಸ ಯಂತ್ರ ಮೇಲಿನಿಂದ ಇಳಿಯುವಂಥದ್ದು. ‘ನನಗೇನು ಬೇಕು?’ ಎಂದು ಮೊದಲೇ ಕೇಳಿಕೊಂಡು ಓದುತ್ತದೆ. ಬೇಕಾದದ್ದು ಸ್ಥಳ. ಸ್ಥಳ ಎಂದರೇನು? ನನ್ನನ್ನು ಕೇಳಿತು. ಮೊದಲು ಒಂದು ಸ್ಥಳ ಹುಡುಕು ಎಂದೆ. ಅದೆಂದರೇನು ಎಂದು ಮತ್ತೆ ಕೇಳಿತು. ಮೊದಲು ಒಂದು ಸ್ಥಳ ಹುಡುಕು ಎಂದೆ. ಗಾಣದ ಎತ್ತಿನಂತೆ ಇಬ್ಬರೂ ಸುತ್ತಿದೆವು. ಒಂದು ಪದವನ್ನೂ ಓದದೆ ಯಂತ್ರ ಕುಸಿದುಬಿತ್ತು.

“ಅಕ್ಕಾ, ನಿಮ್ಮ ಸ್ಥಳ ತನ್ನ ಮನಿ ಬಾಗ್ಲಾ ತಾನ ಬಡೀಲಿಕ್ಕತ್ತೇತಿ,” ಎಂದು ತಸ್ಲೀಮಾ ನಕ್ಕಳು. “ಒಳಗ ಯಾರದಾರ ಅಂತ ಕೇಳ್ತೇತಿ, ಒಳಗೂ ತಾನ.”

ಶಶಿರೇಖಾಳೂ ನಕ್ಕಳು. ಆದರೆ ಬುತ್ತಿಚೀಲದ ಮೇಲಿದ್ದ ಆಕೆಯ ಬೆರಳು ಬಿಗಿಯಾದದ್ದು ಒಳಗಿದ್ದ ನನಗೆ ಗೊತ್ತಾಯಿತು.

ತಸ್ಲೀಮಾ ನನ್ನನ್ನು ಸೀಳಿದಳು. ಕೈಯಿಂದಲ್ಲ, ಅದಕ್ಕೂ ಒಂದು ವಿಧಾನ ಬರೆದಳು. ಯಾವ ನಿಯಮ ಬಂದರೂ ಅದು ಹೆಸರು ಬೇರೆ, ಭಾಗಗಳು ಬೇರೆ ಎಂದು ಬಿಡಿಸುತ್ತದೆ. ಮೊದಲ ಭಾಗವೇ ತನ್ನ ಹೆಸರಾಗಿದ್ದರೆ ಹಿಡಿದು ಎರಡು ಮಾಡುತ್ತದೆ. ‘ಸ್ಥಳ ಎಂದರೆ ಒಂದು ಗುರುತು, ಅದರ ಮುಂದೆ ಬಾಲ’ ಎಂಬುದು ಒಂದು. ‘ಬಾಲ ಎಂದರೆ ಒಂದು ದಿಕ್ಕು, ಒಂದು ಗುರುತು, ಮತ್ತೆ ಬಾಲ, ಇಲ್ಲವೇ ಏನೂ ಇಲ್ಲ’ ಎಂಬುದು ಇನ್ನೊಂದು. ಅಲ್ಲಿಗೆ ಸುತ್ತು ತಪ್ಪಿತು. ಯಂತ್ರ ಓಡಿತು. ಇಪ್ಪತ್ತು ನಿಮಿಷದ ಓದು ಎರಡು ನಿಮಿಷಕ್ಕೆ ಇಳಿಯಿತು.

ನನ್ನನ್ನು ಪಕ್ಕಕ್ಕೆ ಇಟ್ಟರು. ಓದು ಮುಗಿದ ಮೇಲೆ ಫಲವನ್ನು ನನ್ನ ಹಳೆಯ ಆಕಾರಕ್ಕೆ ಮಡಚಿ ತೋರಿಸಬೇಕಲ್ಲ, ಅದಕ್ಕೆ ಮಾದರಿಯಾಗಿ. ದುಡಿಯುವವಳು ಸವತಿ, ಫೋಟೋದಲ್ಲಿ ನಾನು.

ಬಾಲವನ್ನು ನಾನು ಹೇಗೆ ನೋಡಿದೆನೆಂದು ಹೇಳಲೇಬೇಕು. ದಿನಕ್ಕೆ ಎಷ್ಟು ಸಲ ಅದನ್ನು ಕರೆಯುತ್ತಾರೆ ಎಂದು ಎಣಿಸುತ್ತಿದ್ದೆ. ಅದು ಎಲ್ಲಾದರೂ ಎಡವಲಿ ಎಂದು ಕಾಯುತ್ತಿದ್ದೆ. ಹುಟ್ಟಿ ವಾರವಾಗದ ಅದಕ್ಕೆ ತಸ್ಲೀಮಾ ‘ನಮ್ಮ ಬಾಲ’ ಎನ್ನುತ್ತಿದ್ದಳು. ನನಗೆ ಯಾರೂ ‘ನಮ್ಮ’ ಎಂದಿರಲಿಲ್ಲ. ಎಲ್ಲಕ್ಕಿಂತ ಉರಿದದ್ದು ಆ ಕೊನೆಯ ಮಾತಿಗೆ: ‘ಇಲ್ಲವೇ ಏನೂ ಇಲ್ಲ.’ ಕೊಡಲು ಏನೂ ಇಲ್ಲದಾಗಲೂ ಅದರ ಉತ್ತರ ಸರಿ. ನನಗೆ ಆ ಸೌಕರ್ಯ ಎಂದೂ ಇರಲಿಲ್ಲ.

ನನ್ನ ಒಡತಿಯ ಸಂಕಟವೂ ಬೇರೆಯಲ್ಲ. ಮೊದಲ ಪುಟದಲ್ಲಿ ಎರಡನೇ ಹೆಸರು ಬಂತು. ಟ್ರಸ್ಟಿನ ಹಿರಿಯರು ಈಗ ಏನಿದ್ದರೂ ಮಹಡಿ ಹತ್ತಿ ಬಂದು ತಸ್ಲೀಮಾಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ತಸ್ಲೀಮಾ ಮಾತ್ರ ಪ್ರತಿಸಲ “ಅಕ್ಕಾರ್ನ ಕೇಳ್ರಿ ಸರ್, ಹಳ್ಳಿ ಮಾತು ಅವರಿಗೆ ಗೊತ್ತು” ಎನ್ನುತ್ತಿದ್ದಳು. ಅದು ಇನ್ನೂ ಚುಚ್ಚುತ್ತಿತ್ತು. ಕೆಟ್ಟವಳನ್ನು ದ್ವೇಷಿಸುವುದು ಸುಲಭ; ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವವಳಿಗೆ ಬೈಯಲು ತನ್ನ ಹೊರತು ಯಾರೂ ಸಿಗುವುದಿಲ್ಲ.

ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು, ಶಶಿರೇಖಾಳೇ ಹಾಕಿದ್ದು. ಅದಕ್ಕೆ ಶನಿವಾರದ ಕೊಕ್ಕೆ ಎಂದು ಹೆಸರು. ಒಬ್ಬರ ನಿಯಮವನ್ನು ಮುರಿಯಬಲ್ಲ ವಿಳಾಸ ಇನ್ನೊಬ್ಬರಿಗೆ ಹೊಳೆದರೆ ಔಷಧಿ ರಟ್ಟಿನ ಮೇಲೆ ಬರೆದು, ಮೂಲೆಗೆ ತಾರೀಕು ಹಾಕಿ, ಬಿಸ್ಕೀಟಿನ ಡಬ್ಬಿಗೆ ಹಾಕಬೇಕು. ಶನಿವಾರ ನಾಲ್ಕಕ್ಕೆ ಮಂಡಕ್ಕಿ, ಮಿರ್ಚಿ, ಚಹಾದ ಜೊತೆ ಒಂದೊಂದಾಗಿ ತೆಗೆದು ಯಂತ್ರಕ್ಕೆ ಉಣಿಸಬೇಕು. ಕೊಕ್ಕೆ ಸಿಕ್ಕವರು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು. ಈ ಮಾತನ್ನೂ ಡಬ್ಬಿಯ ಮೇಲೆ ಬರೆದಿದ್ದವಳು ಆಕೆಯೇ.

ಜೂನ್ ಹದಿಮೂರು, ಗುರುವಾರ. ಬುತ್ತಿ ಬಿಚ್ಚುವಾಗ ಆಕೆ ನನ್ನನ್ನು ಹೊರಗೆ ತೆಗೆದು ಬಹಳ ಹೊತ್ತು ನೋಡಿದಳು. ಆಮೇಲೆ ಬೋರಲು ಹಾಕಿ ನನ್ನ ಬೆನ್ನಿನ ಮೇಲೆ ಬರೆದಳು: ‘ಚಾವಡಿ ಹಿಂದೆ ಬಾವಿ ಎದುರು ಮನೆ.’ ಎರಡು ದಿಕ್ಕು, ಮೂರು ಗುರುತು. ಮೂಲೆಗೆ ತಾರೀಕು. ತಸ್ಲೀಮಾ ಊಟಕ್ಕೆ ಹೋದಾಗ, ಹೊನ್ನಗಟ್ಟಿ ಎಂಬ ಹಳ್ಳಿಯ ನಕ್ಷೆ ತೆರೆದು ಯಂತ್ರಕ್ಕೆ ಕೊಟ್ಟಳು.

ನಾನಾಗಿದ್ದರೆ ಚಾವಡಿಯಿಂದ ಹೊರಡುತ್ತಿದ್ದೆ. ಅದರ ಹಿಂದಿನ ಬಾವಿ ಹಿಡಿದು, ಆ ಬಾವಿಯ ಎದುರಿನ ಮನೆಗೆ ಹೋಗುತ್ತಿದ್ದೆ. ಬಾಲ ಓದಿದ್ದೂ ಸರಿಯಾಗಿಯೇ. ಆದರೆ ಓದಿದ್ದನ್ನು ನನ್ನ ಆಕಾರಕ್ಕೆ ಮಡಚುವಾಗ ತಸ್ಲೀಮಾಳ ವಿಧಾನ ಕೊನೆಯಿಂದ ಶುರು ಮಾಡಿತು. ಮೊದಲು ಎಲ್ಲೋ ಒಂದು ಬಾವಿಯ ಎದುರಿನ ಮನೆ ಹಿಡಿಯಿತು. ಆಮೇಲೆ ಅದು ಚಾವಡಿಯ ಹಿಂಬದಿಗಿದೆಯೇ ಎಂದಷ್ಟೇ ನೋಡಿತು, ಎಷ್ಟು ದೂರ ಎಂದು ನೋಡಲಿಲ್ಲ. ದಿಕ್ಕು ಒಂದೇ ಇದ್ದಾಗ ಎರಡೂ ಒಂದೇ ಮನೆ. ಅದಕ್ಕೇ ಅಲ್ಲಿವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪರದೆಯ ಮೇಲೆ ಗುರುತು ಊರಾಚೆ, ಹಳ್ಳದ ಆ ದಂಡೆಯ ದೊಡ್ಡ ಬಾವಿಯ ಹತ್ತಿರ ಬಿದ್ದಿತು.

ಶಶಿರೇಖಾ ಪರದೆ ಮುಚ್ಚಿ ನನ್ನನ್ನು ಚೀಲದೊಳಗೆ ಸೇರಿಸಿದಳು. ನಾನು ಹಿಗ್ಗಿದೆ.

ಶನಿವಾರ ಬಂತು. ಡಬ್ಬಿ ಖಾಲಿ.

“ಅಕ್ಕಾ, ಈ ವಾರ ಒಂದೂ ಕೊಕ್ಕೆ ಇಲ್ಲೇನ್ರಿ?”

ಆಕೆಯ ಕೈ ಚೀಲದೊಳಗೆ ಬಂದು ನನ್ನ ಅಂಚು ಮುಟ್ಟಿತು. ಅಲ್ಲೇ ನಿಂತಿತು.

“ಇಲ್ಲ ಬಿಡವಾ. ನಿನ್ನ ಕೆಲಸಕ್ಕ ಯಾರು ಕೊಕ್ಕೆ ಹಾಕ್ಯಾರ.”

“ಹಂಗಂದ್ರ ನನ್ನ ಪಾಲಿನ ಮಿರ್ಚಿ ನಿಮಗ,” ಎಂದು ತಸ್ಲೀಮಾ ತಟ್ಟೆ ಸರಿಸಿದಳು.

ಸೋಮವಾರ ಹೇಳಿದರಾಯಿತು ಎಂದು ಆಕೆ ತನಗೆ ತಾನೇ ಹೇಳಿಕೊಂಡಿರಬೇಕು. ಸೋಮವಾರ ಹಿರಿಯರು ಬಂದು, ತಸ್ಲೀಮಾಳಿಂದ ಜೀಪು ಒಂದು ತಾಸು ಮೊದಲೇ ಹೊರಡುತ್ತಿದೆ ಎಂದು ಎಲ್ಲರೆದುರು ಹೊಗಳಿದರು. ಆಕೆಯೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು, ಚೀಲ ಬಿಚ್ಚಲಿಲ್ಲ.

ಮಂಗಳವಾರ ಸಂಜೆ ಮೈಲಾರಪ್ಪ ಮಹಡಿ ಹತ್ತಿ ಬಂದ. ಎಂದೂ ಮೇಲೆ ಬರುವವನಲ್ಲ. ನಿಂತೇ ಇದ್ದ.

“ಹೊನ್ನಗಟ್ಟಿ ನೀಲವ್ವನ ಮನಿಗೆ ಮುಂಜಾನೆ ಹೋಗಿದ್ವಿರಿ. ಮಷೀನ ಹಳ್ಳದಾಚೆ ಮನಿ ತೋರಿಸ್ತು. ಹೋದ್ರ ಕೀಲಿ ಹಾಕೇತಿ. ದವಾಖಾನಿಗೆ ಕರ್ಕೊಂಡು ಹೋಗಿರಬೇಕು, ಹಂಗ ಮಾಡ್ತಾರಲ್ರಿ, ಅಂತ ತಿಳಕೊಂಡು ಮುಂದ ಹೋದ್ವಿ. ನಾಕಕ್ಕ ಸೊಸಿ ಫೋನ್ ಮಾಡಿ, ಯಾಕ ಬರ್ಲಿಲ್ಲ ಅಂತ ಅಳಾಕತ್ಳು. ತಿರುಗಿ ಹೋದ್ರ, ಮನಿ ಚಾವಡಿ ಹಿಂದ, ಸಣ್ಣ ಬಾವಿ ಮುಂದ ಐತ್ರಿ. ಮುಂಜಾನೆ ಒಳಗಿಂದ ಕೂಗಿದ್ರ ಜೀಪಿಗೆ ಕೇಳಿಸ್ತಿತ್ತು.”

“ಈಗ ಹೆಂಗದಾರ?” ತಸ್ಲೀಮಾಳ ಧ್ವನಿ ಸಣ್ಣದಾಗಿತ್ತು.

“ಸಿಸ್ಟರ್ ನೋವಿನ ಔಷಧ ಕೊಟ್ರು, ಮಲಗಿತು ಮುದುಕಿ. ಒದರಿಲ್ಲಂತ್ರಿ. ಸೊಸಿ ಹೆದರ್ತಾಳಂತ ಕೌದಿ ಅಂಚು ಬಾಯಾಗ ಇಟ್ಕೊಂಡು ಮಕ್ಕೊಂಡಿತ್ತಂತ, ಮುಂಜಾನಿಂದ. ಅಂಚು ಪೂರಾ ಜಗದು ಹಾಕೇತಿ.”

ಅವನು ಇಳಿದು ಹೋದ. ನೀಲವ್ವನಿಗೆ ಎಲುಬಿನವರೆಗೆ ಇಳಿದ ಗಡ್ಡೆ ಇತ್ತು. ಔಷಧವಿಲ್ಲದ ಏಳು ತಾಸು ಎಂದರೆ ಏನೆಂದು ಆ ಕೋಣೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

ತಸ್ಲೀಮಾ ಹುಡುಕತೊಡಗಿದಳು. ನಿಯಮ ನೋಡಿದಳು, ನಕ್ಷೆ ನೋಡಿದಳು. ಬಾಲ ಓದಿದ್ದೆಲ್ಲ ಸರಿ ಇತ್ತು, ತಪ್ಪು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಕೈ ಚೆಲ್ಲಿ ಹೇಳಿದಳು, “ಅಕ್ಕಾ, ನಂದೆಲ್ಲ ತೆಗದು ಹಾಕ್ತೇನ್ರಿ. ನಿಮ್ಮ ಹಳೇ ಯಂತ್ರ, ನಿಮ್ಮ ಹಳೇ ಸ್ಥಳ ಇರಲಿ. ನಾ ಹುಬ್ಬಳ್ಳಿಗೆ ಹೋಗ್ತೇನಿ. ತಿಳಿಲಾರದ ಕೆಲಸ ಮಾಡೂದು ಬ್ಯಾಡ.”

ಈ ಮಾತಿಗಾಗಿ ನಾನು ಎಷ್ಟು ದಿನ ಕಾದಿದ್ದೆ. ಶಶಿರೇಖಾ ಸುಮ್ಮನಿದ್ದರೆ ಸಾಕಿತ್ತು. ಬಾಲ ಹೋಗುತ್ತಿತ್ತು, ನಾನು ಮರಳಿ ನನ್ನ ಗದ್ದುಗೆ ಏರುತ್ತಿದ್ದೆ, ಮೊದಲ ಪುಟದಲ್ಲಿ ಒಂದೇ ಹೆಸರು ಉಳಿಯುತ್ತಿತ್ತು. ಚೀಲದ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತೆ. ಆದರೆ ಹಿಗ್ಗಲು ಹೋದಾಗಲೆಲ್ಲ ನನ್ನ ಬೆನ್ನಿನ ಮೇಲಿನ ಬರಹ ಒತ್ತಿತು. ಅದೂ ಈಗ ನನ್ನದೇ ಮೈ.

ಆಕೆ ಎದ್ದಳು. ಹೊಸ ರಟ್ಟಿನ ತುಂಡು ತೆಗೆದುಕೊಂಡು ಬರೆದಳು: ‘ಚಾವಡಿ ಹಿಂದೆ ಬಾವಿ ಎದುರು ಮನೆ.’ ಮೂಲೆಗೆ ಜೂನ್ ಹದಿನೆಂಟು ಎಂದು ಹಾಕಿದಳು.

“ಎರಡು ದಿಕ್ಕು ಬಂದಾಗ ಯಾ ಕಡಿಂದ ಮಡಚ್ತೇತಿ ನೋಡು ತಂಗಿ. ಓದೂದರಾಗ ಏನೂ ತಪ್ಪಿಲ್ಲ.”

ತಸ್ಲೀಮಾ ನೋಡಿದಳು. ಐದು ನಿಮಿಷವೂ ಹಿಡಿಯಲಿಲ್ಲ. ಕೊನೆಯಿಂದ ಮಡಚುವುದನ್ನು ಬಿಟ್ಟು ಮೊದಲಿನಿಂದ ಮಡಚುವಂತೆ ಮಾಡಿದಳು. ಗುರುತು ಹಳ್ಳ ದಾಟಿ ಚಾವಡಿಯ ಹಿಂದಕ್ಕೆ ಬಂದು ಕೂತಿತು. ಅವಳು ಮುಖ ಮುಚ್ಚಿಕೊಂಡು ಅತ್ತಳು.

“ನೀವ್ ಇಲ್ಲಂದ್ರ ನಾ ಏನ್ ಮಾಡ್ತಿದ್ನೋ. ಇದು ನಿಮಗ ಯಾವಾಗ ಹೊಳೀತು ಅಕ್ಕಾ?”

“ಈಗ,” ಎಂದಳು ನನ್ನ ಒಡತಿ.

ಅಂದು ಸಂಜೆ ನನ್ನನ್ನು ಹರಿಯಲು ಎರಡು ಸಲ ಕೈಯಲ್ಲಿ ಹಿಡಿದಳು. ಹರಿದರೆ ನಾನೂ ಹೋಗುತ್ತಿದ್ದೆ. ಕೊನೆಗೆ ಮೇಜಿನ ಕೆಳಖಾನೆಯಲ್ಲಿ ಹಾಸಿದ ಹಳೆಯ ಪತ್ರಿಕೆಯಡಿ ಸರಿಸಿದಳು. ಮುಂದಿನ ಸಲ ಜೀಪಿನಲ್ಲಿ ತಾನೂ ಹೊನ್ನಗಟ್ಟಿಗೆ ಹೋಗಿ, ನೀಲವ್ವನಿಗೆ ಹೊದೆಯಲು ಒಂದು ಹೊಸ ಕೌದಿ ಕೊಟ್ಟು ಬಂದಳಂತೆ. ಮೈಲಾರಪ್ಪ ಹೇಳಿದ್ದು. ಆಮೇಲೆ ಯಾವ ಶನಿವಾರವೂ ಆಕೆಯ ಕಡೆಯಿಂದ ಡಬ್ಬಿ ಖಾಲಿ ಇರಲಿಲ್ಲ.

ಆರು ವರ್ಷ ಖಾನೆಯಲ್ಲಿದ್ದೆ. ನೀಲವ್ವ ಎಂದೋ ತೀರಿಕೊಂಡಳು. ಲೈಬ್ರರಿಯಲ್ಲಿ ನನ್ನ ಸಾಲಿನ ಮುಂದೆ ಯಂತ್ರ ಓದದಂತೆ ಒಂದು ಗುರುತು ಹಾಕಿ, ಪಕ್ಕದಲ್ಲಿ ‘ಮೂಲ ನಿಯಮ, ತೆಗೆಯಬೇಡಿ’ ಎಂದು ಬರೆದಿದ್ದಾರೆ. ತಸ್ಲೀಮಾಳ ಅಕ್ಷರ. ಬಾಲ ಇಂದಿಗೂ ದಿನಕ್ಕೆ ಸಾವಿರ ಸಲ ಓಡುತ್ತದೆ; ಓಡಿ ಬಂದದ್ದು ಕೊನೆಗೆ ನನ್ನ ಆಕಾರಕ್ಕೇ ಮಡಚಿಕೊಳ್ಳುತ್ತದೆ. ಇದರಿಂದ ನನಗೆ ಸಮಾಧಾನವಾಗಬೇಕು. ಪೂರ್ತಿ ಆಗಿಲ್ಲ. ಈಗಲೂ ಅದರ ಎಣಿಕೆ ಇಡುತ್ತೇನೆ, ಮಧ್ಯೆ ಮಧ್ಯೆ ಮರೆಯುತ್ತೇನೆ ಅಷ್ಟೇ.

ಮೊನ್ನೆ ಟ್ರಸ್ಟು ಹೊಸ ಕಟ್ಟಡಕ್ಕೆ ಹೊರಟಿತು. ಶಶಿರೇಖಾ ಕೆಳಗೆ ನಿಂತು ಪೆಟ್ಟಿಗೆ ಏರಿಸಿಕೊಳ್ಳುತ್ತಿದ್ದಳು. ಮೇಲೆ ಖಾನೆಗಳನ್ನು ಬರಿದು ಮಾಡುತ್ತಿದ್ದ ತಸ್ಲೀಮಾ ಪತ್ರಿಕೆ ಎಳೆದಾಗ ನಾನು ನೆಲಕ್ಕೆ ಬಿದ್ದೆ, ಬೆನ್ನು ಮೇಲಾಗಿ.

ಅವಳು ಎತ್ತಿಕೊಂಡು ಓದಿದಳು. ಚಾವಡಿ, ಬಾವಿ, ಮನೆ. ನಕ್ಕಳು. ಆಮೇಲೆ ಮೂಲೆಯ ತಾರೀಕು ನೋಡಿದಳು. ಹದಿನೆಂಟು ಅವಳು ಮರೆಯುವ ತಾರೀಕಲ್ಲ. ಇಲ್ಲಿದ್ದದ್ದು ಹದಿಮೂರು. ನಡುವೆ ಒಂದು ಶನಿವಾರ.

ತಾರೀಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ತಿರುಗಿಸಿ, ಆ ಹಳೆಯ ಪೆನ್ಸಿಲ್ ಸಾಲನ್ನು, ಅಳಿಸಿ ಮತ್ತೆ ಬರೆದ ಪದವನ್ನು, ಮೊದಲಿನಿಂದ ಕೊನೆಯವರೆಗೆ ಓದಿದಳು.

“ತಸ್ಲೀಮಾ, ಖಾನಿ ಖಾಲಿ ಆತೇನ?” ಕೆಳಗಿನಿಂದ ಶಶಿರೇಖಾ ಕೂಗಿದಳು. “ಏನರ ಸಿಕ್ತೇನ ಅದರಾಗ?”

ತಸ್ಲೀಮಾ ನನ್ನನ್ನು ತನ್ನ ಚೀಲದ ಒಳಜೇಬಿಗೆ ಸರಿಸಿ, ಜಿಪ್ ಎಳೆದಳು.

“ಏನೂ ಇಲ್ಲಕ್ಕಾ,” ಎಂದಳು.