ಕೈ ಕಟ್ಟಿದರೆ ಬಾರದ ಮಗ್ಗಿ

ಸಮಾಧಾನ ಅಂತ ಹೆಸರಿಟ್ಟವರು ಯಾರೋ ಏನೋ, ಅವನ ಮೈಯಲ್ಲಿ ಅದೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ನಿಪ್ಪಾಣಿಯ ತಂಬಾಕಿನ ಗೋದಾಮುಗಳಿಗೆ ಟೆಂಪೋ ಓಡಿಸುತ್ತಿದ್ದ. ಅವನು ಹಾರ್ನ್ ಹೊಡೆದರೆ ಅದೂ ಬೈದಂಗೇ ಕೇಳುತ್ತಿತ್ತು. ಏಳನೇತ್ತೆಗೆ ಸಾಲಿ ಬಿಟ್ಟವನು. ಯಾರಾದರೂ ಯಾಕೆ ಬಿಟ್ಟಿ ಅಂತ ಕೇಳಿದರೆ, "ನಾ ಬಿಡಲಿಲ್ಲ, ಬಡದು ಬಿಡಿಸಿದ್ರು" ಅನ್ನುತ್ತಿದ್ದ.

ಈ ವರ್ಷ ಅವನ ಸಿಟ್ಟಿಗೆಲ್ಲ ಒಂದೇ ಗುರಿ, ಓಣಿಯ ಸಾಲಿಯ ಹೆಡ್ಮಾಸ್ತರ.

ಅಕ್ಕ ಕೋಮಲಳ ಮಗಳು ಸಪನಾ ಎರಡನೇತ್ತೆಯಲ್ಲಿದ್ದಾಗ ಪ್ರಾರ್ಥನೆಗೆ ನಿಂತಲ್ಲೇ ಫಿಟ್ಸ್ ಬಂದು ಬಿದ್ದಿದ್ದಳು. "ಪೂರಾ ಆರಾಮ ಆದಮ್ಯಾಲ ಕರಕೊಂಡ ಬರ್ರಿ. ಏನರ ಆದ್ರ ನಮ್ಮ ಮ್ಯಾಲ ಬರತೈತಿ" ಅಂತ ಹೆಡ್ಮಾಸ್ತರ ಅವಳನ್ನು ಮನೆಗೆ ಅಟ್ಟಿದ. ಹುಡುಗಿ ಮನೆಯಲ್ಲೇ ಬೆಳೆದಳು. ಗುಳಿಗೆ ನುಂಗಿ ನುಂಗಿ ಫಿಟ್ಸ್ ನಿಂತು ವರ್ಷ ದಾಟಿತು. ಇನ್ನು ಧೈರ್ಯವಾಗಿ ಸಾಲಿಗೆ ಕಳಿಸಿರಿ ಅಂತ ಡಾಕ್ಟರೂ ಅಂದರು. ಆಗ ಹೆಡ್ಮಾಸ್ತರ ಹೊಸ ರಾಗ ತೆಗೆದ.

"ವಯಸ್ಸಿಗೆ ನೋಡಿದ್ರ ಐದನೇತ್ತೆ. ಆದ್ರ ಇಷ್ಟ ದಿನಾ ಮನ್ಯಾಗ ಕುಂತಾಳ. ಹತ್ತರ ತನಕ ಮಗ್ಗಿ ಬಾಯಿಪಾಠ ಹೇಳಿದ್ರ ಐದನೇತ್ತೆಗೆ ಕುಂಡ್ರಸ್ತೀನಿ. ಇಲ್ಲಂದ್ರ ಸಣ್ಣ ಹುಡುಗರ ಜೋಡಿ ಎರಡನೇತ್ತೆ."

ಸಪನಾ ಅವತ್ತೇ ಹೇಳಿಬಿಟ್ಟಳು. "ಎರಡನೇತ್ತೆ ಅಂದ್ರ ನಾ ಸಾಲಿಗೆ ಹೋಗುದ ಇಲ್ಲ, ಮಾಮಾ. ಎಲ್ಲಾರೂ ನಗ್ತಾರ."

ಹೇಳಿದರೆ ಹೇಳಿದ್ದೇ ಆ ಹುಡುಗಿ. ಕೋಮಲಳಿಗೆ ಕಾಗಲ ಊರಿನ ಮಿಲ್ಲಿನಲ್ಲಿ ಪಾಳಿ ಕೆಲಸ. ಹಿಂಗಾಗಿ ಮಗ್ಗಿ ಕಲಿಸುವ ಹೊರೆ ಸಮಾಧಾನನ ತಲೆಗೆ ಬಂತು. ಟೆಂಪೋ ನಿಲ್ಲಿಸಿ, ಕೈಕಾಲು ತೊಳೆದು, ಗೋಡೆಗೆ ಅಂಟಿಸಿದ ಮಗ್ಗಿಯ ಹಾಳೆಯ ಮುಂದೆ ಅವಳನ್ನು ನಿಲ್ಲಿಸಿಕೊಳ್ಳುತ್ತಿದ್ದ.

"ಏಳಾರ್ಲೆ?"

"ಏಳೊಂದ್ಲೆ ಏಳ, ಏಳೆರಡ್ಲೆ ಹದಿನಾಕ..."

"ಲೇ, ನಾ ಬುಡದಿಂದ ಕೇಳೀನೇನ? ಏಳಾರ್ಲೆ ಎಷ್ಟ?"

"ಬುಡದಿಂದ ಹತ್ತಿದ್ರನ ಟೊಂಗಿ ಸಿಗತೈತಿ, ಮಾಮಾ."

ಹುಡುಗಿ ಜಾಣೆ, ಮಾತಿಗೆ ಬಡವಿಯಲ್ಲ. ಆದರೆ ಇವನ ದನಿ ಏರಿದರೆ ಸಾಕು, ಅವಳ ಬಾಯಿಗೆ ಬೀಗ. ಇವನು ಗೋಡೆ ಗುದ್ದುವನು, ಹಾಳೆ ಹರಿಯುವನು, ಮರುದಿನ ಹೊಸದು ತಂದು ಅಂಟಿಸುವನು. ಅವನ ಅವ್ವ ಅಕ್ಕುತಾಯಿ ಮೊರದ ಮುಂದೆ ಬೀಡಿ ಕಟ್ಟುತ್ತ ಇದನ್ನೆಲ್ಲ ನೋಡುತ್ತಿದ್ದಳು.

"ಕೈಲಾಗದಾಂವ ಮೈ ಪರಚ್ಕೊಂಡ್ನಂತ. ಕೂಸಿಗಿ ಕಲಸಾಕತ್ತೀಯೋ, ಗ್ವಾಡಿಗಿ ಕಲಸಾಕತ್ತೀಯೋ?"

"ನೀ ಸುಮ್ಮಕಿರಬೇ. ನಿನಗ ಎರಡರ ಮಗ್ಗೀನೂ ಬರೂದಿಲ್ಲ."

"ಬರೂದಿಲ್ಲಪಾ. ನಿನ್ನಂಗ ಒದರಾಕೂ ಬರೂದಿಲ್ಲ."

ಅಷ್ಟರಲ್ಲಿ ಸಪನಾ ಅಜ್ಜಿಯ ಮಗ್ಗುಲಿಗೆ ಸರಿದು ಕೂತಿದ್ದಳು. ಕತ್ತರಿಸಿ ಉಳಿದ ಬೀಡಿ ಎಲೆಯ ಚೂರು ಕೈಗೆ ತಗೊಂಡು, ತಂಬಾಕು ಹಾಕದೆ ಬರೀ ಎಲೆಯನ್ನೇ ಸುತ್ತುತ್ತ, ತುದಿ ಮಡಚುತ್ತ, ತನ್ನಷ್ಟಕ್ಕೆ ತಾನು ಅನ್ನತೊಡಗಿದಳು. ಒಂದು ಸುತ್ತಿಗೆ ಒಂದು ಲೆಕ್ಕ. ಏಳಾರ್ಲೆ ನಲವತ್ತೆರಡ, ಏಳೇಳ್ಲೆ ನಲವತ್ತೊಂಬತ್ತ. ಎಲ್ಲೂ ತೊಡರಿಲ್ಲ. ಅಜ್ಜಿಯ ಕೈಯ ಲಯಕ್ಕೆ ಮೊಮ್ಮಗಳ ನಾಲಿಗೆ ಹೂಡಿದ ಎತ್ತಿನಂಗೆ ನಡೆಯಿತು. ಸಮಾಧಾನ ಗೋಡೆಗೆ ಒರಗಿದ. ಅಂದಿನಿಂದ ಪಾಠ ಮೊರದ ಮುಂದೆಯೇ ಆಯಿತು. ಸುತ್ತುತ್ತಿದ್ದಾಗ ನಡುವೆ ಎಲ್ಲಿಂದ ಕೇಳಿದರೂ ಈಗ ಉತ್ತರ ಬರುತ್ತಿತ್ತು. ಅವನು ಒದರುವುದು ಕಮ್ಮಿಯಾಯಿತು.

ಹೆಡ್ಮಾಸ್ತರನ ಕೋಣೆಗೆ ಹೋದ ದಿನ ಸಪನಾ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು. ಬಾಗಿಲ ಹತ್ತಿರದ ಮೇಜಿನಲ್ಲಿ ಐದನೇತ್ತೆಗೆ ಕಲಿಸುವ ಲಕ್ಷ್ಮಿಬಾಯಿ ಅಕ್ಕೋರು ಹಾಜರಿ ಬರೆಯುತ್ತಿದ್ದರು.

"ಕೈ ಕಟ್ಟಿ ನಿಂದ್ರ. ಹಾಂ, ಎಂಟರ ಮಗ್ಗಿ ಹೇಳ" ಅಂದ ಹೆಡ್ಮಾಸ್ತರ.

ಸಪನಾ ಎದೆಯ ಮೇಲೆ ಎರಡೂ ಕೈ ಕಟ್ಟಿದಳು. "ಎಂಟೊಂದ್ಲೆ ಎಂಟ. ಎಂಟೆರಡ್ಲೆ..." ಅಲ್ಲಿಗೆ ನಿಂತಿತು. ಬಗಲಲ್ಲಿ ಸಿಕ್ಕ ಬೆರಳುಗಳು ಒದ್ದಾಡುವುದು ಸಮಾಧಾನನಿಗೆ ಕಾಣುತ್ತಿತ್ತು. ಮನೆಯಲ್ಲಿ ಒಂದು ದಿನವಾದರೂ ಕೈ ಕಟ್ಟಿ ನಿಲ್ಲಿಸಿ ಹೇಳಿಸಿದ್ದನೇ? ಇಲ್ಲ. ಸಾಲಿ ಅಂದರೆ ಕೈ ಕಟ್ಟಬೇಕು ಅನ್ನುವುದನ್ನೇ ಮರೆತಿದ್ದ ಮಂಗ್ಯಾ!

"ಸರ್, ಕೈ ಬಿಡಸರಿ. ಹೇಳ್ತಾಳ ಆಕಿ."

"ಕೈಲೆ ಏನ ಮಗ್ಗಿ ಹೇಳ್ತಾರೇನೋ? ಬಾಯಿಲೆ ಹೇಳಬೇಕ."

ಸಪನಾ ಮಾಮಾನ ಮುಖ ನೋಡಿದಳು, ಕೈ ಬಿಟ್ಟಳು. ಎಡಗೈಯಲ್ಲಿ ಇಲ್ಲದ ಎಲೆ ಹಿಡಿದು ಬಲಗೈಯಲ್ಲಿ ಸುತ್ತತೊಡಗಿದಳು. "ಎಂಟೆರಡ್ಲೆ ಹದಿನಾರ, ಎಂಟಮೂರ್ಲೆ ಇಪ್ಪತ್ನಾಕ..."

ಹೆಡ್ಮಾಸ್ತರ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಮಗ್ಗಿ ಅವನಿಗೆ ಕೇಳಲೇ ಇಲ್ಲ, ಕೈಯಷ್ಟೇ ಕಂಡಿತು.

"ಓಹೋ! ಬೀಡಿ ಕಟ್ಟಸಾಕತ್ತೀರಿ ಹುಡುಗಿ ಕಡೆಯಿಂದ! ಫಿಟ್ಸ್ ಅನ್ನೂದ ಬರೀ ನೆವಾ. ಬಾಲಕಾರ್ಮಿಕ ಆಫೀಸಿನವ್ರಿಗೆ ಒಂದ ಫೋನ್ ಹಚ್ಚಿದ್ರ ಏನ ಆಗತೈತಿ, ಗೊತ್ತೈತಿ?"

ಸಮಾಧಾನನ ಕಿವಿಯಲ್ಲಿ ಟೆಂಪೋದ ಸೈಲೆನ್ಸರ್ ಒಡೆದಂಗಾಯಿತು.

"ಹಚ್ಚರಿ ಫೋನ್! ಹಚ್ಚರಿ! ಮನಿಗೆ ಕಳಿಸಿದಾಂವ ಯಾರು? ಮನ್ಯಾಗ ಎಲ್ಲಿ ಕುಂಡ್ರಬೇಕಿತ್ತ ಕೂಸು? ನಮ್ಮ ಮನ್ಯಾಗ ಇರೂದ ಒಂದ ಖೋಲಿ, ಅದರಾಗ ನಮ್ಮವ್ವನ ಮೊರ. ಅದರ ಮುಂದ ಕುಂತಾಳ, ಹೌದು. ಒಂದ ಚಿಟಿಕಿ ತಂಬಾಕ ಮುಟ್ಟಿಸಿಲ್ಲ ನಾವು. ಇಷ್ಟ ದಿನಾ ನಿಮ್ಮ ಸಾಲ್ಯಾಗಿನವ್ರು ಒಬ್ಬರರ ಬಂದ ಹೊಸ್ತಿಲಾ ತುಳದಾರೇನ? ಹುಡುಗಿ ಸತ್ತಾಳೋ ಬದುಕ್ಯಾಳೋ ಕೇಳಿರೇನ?"

"ದನಿ ಇಳಸಿ ಮಾತಾಡು. ನಿಮಗೊಬ್ಬರಿಗೆ ಮಾಡಿಲ್ಲ ನಾ. ನಡುವ ಸಾಲಿ ಬಿಟ್ಟವ್ರಿಗೆಲ್ಲಾ ಮಗ್ಗಿ ಕೇಳ್ತೀನಿ. ಮೊನ್ನೆ ನಿಮ್ಮ ಓಣಿ ಬಂದಗಿಸಾಬನ ಮೊಮ್ಮಗಳಿಗೂ ಕೇಳೀನಿ."

"ಆಕಿ ಏನಾದ್ಲು?"

"ಮಗ್ಗಿ ಬರಲಿಲ್ಲ. ಮನಿಗೆ ಕಳಿಸಿದ್ನಿ."

ಲಕ್ಷ್ಮಿಬಾಯಿ ಅಕ್ಕೋರು ಪೆನ್ನು ಕೆಳಗಿಟ್ಟರು. "ಸರ್, ಹಂಗ ಕಳಸಾಕ ಬರೂದಿಲ್ರಿ. ಪರೀಕ್ಷಾ ಮಾಡಿ ಸೇರಿಸ್ಕೋರಿ ಅಂತ ಕಾಯ್ದೆದಾಗ ಎಲ್ಲೂ ಇಲ್ಲ. ವಯಸ್ಸಿನ ಪ್ರಕಾರ ಕುಂಡ್ರಿಸಿ, ಬರದಿದ್ದದ್ದನ್ನ ನಾವ ಕಲಸಬೇಕು. ಹೋದ ಮೀಟಿಂಗಿನ್ಯಾಗೂ ಹೇಳ್ಯಾರ."

ಸಮಾಧಾನ ಅಕ್ಕೋರ ಕಡೆ ತಿರುಗಿದ. ಹಂಗಾದರೆ ಈ ಮಗ್ಗಿ ಬೇಕಾಗಿಯೇ ಇರಲಿಲ್ಲ. ಗೋಡೆ ಗುದ್ದಿದ್ದು, ಕೂಸಿನ ಕಣ್ಣಲ್ಲಿ ನೀರು ತರಿಸಿದ್ದು, ಎಲ್ಲ ಈ ಮನುಷ್ಯನ ನಾಲಿಗೆಯ ತೀಟೆಗೆ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಅದನ್ನು ಎತ್ತಿ ಮಗುಚುವವನೇ ಇದ್ದ.

"ಮಾಮಾ, ತಡೀರಿ" ಅಂದಳು ಸಪನಾ. "ಎಂಟರದ ಇನ್ನ ಮುಗದಿಲ್ಲ."

"ಹೇಳೂದ ಬ್ಯಾಡ ಬಿಡವಾ. ಅವರಿಗೆ ಕೇಳೂ ಹಕ್ಕ ಇಲ್ಲ."

"ಅವರಿಗೆ ಹೇಳಾಕತ್ತಿಲ್ಲ ನಾ." ಕಿಟಕಿಯ ಕಡೆ ತಿರುಗಿ, ಬೆರಳು ಸುತ್ತುತ್ತ, ಒಂದೊಂದೇ ಲೆಕ್ಕ ಇಳಿಸಿ ಎಂಬತ್ತಕ್ಕೆ ಮುಟ್ಟಿಸಿಯೇ ಬಾಯಿ ಮುಚ್ಚಿದಳು. ಅಷ್ಟೂ ಹೊತ್ತು ಸಮಾಧಾನ ಮೇಜು ಹಿಡಿದು ನಿಂತೇ ಇದ್ದ, ಎತ್ತಲಿಲ್ಲ.

ಅಕ್ಕೋರು ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟು ಐದನೇತ್ತೆಗೆ ಕರೆದುಕೊಂಡು ಹೋದರು. ಹೆಡ್ಮಾಸ್ತರ ಕಾಗದದಲ್ಲಿ ಮುಖ ಹುದುಗಿಸಿ, "ಸಾಲಿ ಅಂದಮ್ಯಾಲ ಶಿಸ್ತ ಬೇಕಾಗತೈತಿ. ಕ್ಲಾಸಿನ್ಯಾಗ ಕೈ ಕಟ್ಟಬೇಕ" ಅಂತ ಗೊಣಗಿದ.

"ಮೊದಲ ನಿಮ್ಮ ಬಾಯಿ ಕಟ್ಟರಿ. ಆಮ್ಯಾಲ ಆಕಿ ಕೈ ನೋಡೂಣು."

ಹಿಂಗಂದು ಸಮಾಧಾನ ಹೊರಗೆ ಬಂದ. ಗೋದಾಮಿನಿಂದ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. ಗೆದ್ದೆ ಅಂತ ಅನ್ನಿಸಲೇ ಇಲ್ಲ ಅವನಿಗೆ, ಸಿಟ್ಟು ಒಂದು ಗುಂಜಿಯೂ ಕರಗಿರಲಿಲ್ಲ. ಟೆಂಪೋ ತಿರುಗಿಸಿ ಸೀದಾ ಬಂದಗಿಸಾಬನ ಮನೆ ಮುಂದೆ ಬ್ರೇಕ್ ಹೊಡೆದ. ಮುದುಕ ಕಟ್ಟೆಯ ಮೇಲೆ ಕೂತಿದ್ದ. ಹಿಂದೆ ಬಾಗಿಲ ಸಂದಿಯಲ್ಲಿ ಮೊಮ್ಮಗಳು ಗುಲನಾಜ.

"ಚಾಚಾ, ಗುಲನಾಜಗ ತಲಿ ಬಾಚಿ ಕೊಡರಿ. ಸಾಲಿಗೆ ಹೋಗೂದೈತಿ."

"ಅರೆ, ಆಕಿಗಿ ಮಗ್ಗಿ ಬರೂದಿಲ್ಲೋ ಬೇಟಾ. ಐದರದ ಸುದ್ದಾ ಬರೂದಿಲ್ಲ. ಮೊನ್ನೆ ಅಳಕೋತ ಬಂದಾಳ."

"ಮಗ್ಗಿ ಬರೂದ ಬ್ಯಾಡ್ರಿ ಚಾಚಾ!" ಅವನು ಒದರಿದ್ದಕ್ಕೆ ಓಣಿಯ ಬಾಗಿಲುಗಳೆಲ್ಲ ತೆರೆದವು. "ಯಾರಿಗೂ ಬರೂದ ಬ್ಯಾಡ! ಗಾಡಿ ಹತ್ತಸರಿ ಆಕಿನ್ನ!"