ಚನ್ನಕ್ಕನ ತಾರಸಿಯ ಬದನೆಕಾಯಿ

ಈ ಸಲದ ಬೇಸಿಗೆ ಯಾರ ಮಾತನ್ನೂ ಕೇಳಲಿಲ್ಲ. ನಗರದಂಚಿನ ಅಟ್ಟೂರು ಬಡಾವಣೆಯ ತಾರಸಿಗಳು ಕಾದ ಹೆಂಚಿನಂತಾದವು. ನಡುವೆ ಒಂದು ಸಂಜೆ ಆಲಿಕಲ್ಲು ಬಿದ್ದು ಚನ್ನಕ್ಕನ ತಾರಸಿ ಕುಂಡಗಳ ಹೀರೆ ಬಳ್ಳಿ, ಟೊಮೆಟೊ ಎರಡೂ ನೆಲಕಚ್ಚಿದವು. ಉಳಿದದ್ದು ಬದನೆ ಗಿಡಗಳು ಮಾತ್ರ, ವಿಜಯಪುರದ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜದವು.

ಮಧ್ಯಾಹ್ನ ನೀರಿನ ಟ್ಯಾಂಕಿನ ನೆರಳಿಗೆ ಕೂತರೆ ಚನ್ನಕ್ಕನಿಗೆ ಜೊಂಪು ಹತ್ತುತ್ತಿತ್ತು. ಆಗ ತಾರಸಿಯೇ ಅವ್ವನ ಹಿತ್ತಲಾಗುತ್ತಿತ್ತು. ಗಿಡದ ತುಂಬ ಕಾಯಿ, ಎಲ್ಲೋ ಬಳೆಯ ಸದ್ದು, ಎಣ್ಣೆಗಾಯಿಗೆ ಕೈಚಾಚುವ ಬಸುರಿ ಮಗಳು ಕೀರ್ತಿ. "ಅವ್ವಾ, ಕುಬುಸದ ದಿನ ನನಗ ಅಜ್ಜಿ ಬೀಜದ ಬದನಿಕಾಯಿನ ಬೇಕು" ಎಂದು ಅವಳು ಬಯಕೆ ಹೇಳಿದ್ದಳು. ಏಳನೇ ತಿಂಗಳ ಸೀಮಂತವಾದ ಕುಬುಸಕ್ಕೆ ಮಗಳ ಬಯಕೆ ತೀರಿಸದವಳು ಎಂಥ ತಾಯಿ! ಚನ್ನಕ್ಕನಿಗೆ ಅದೊಂದೇ ಚಿಂತೆ.

ಕಣ್ಣು ಬಿಟ್ಟರೆ ಗಿಡದ ಕುಡಿಗಳೆಲ್ಲ ಜೋತುಬಿದ್ದಿರುತ್ತಿದ್ದವು. ಬಯಲುಸೀಮೆಯ ಹೆಣ್ಣು; ಗಿಡ ಬಾಡಿತೆಂದರೆ ಬಾಯಾರಿದೆ ಎಂದೇ ಅವಳ ಲೆಕ್ಕ. ಬಿಂದಿಗೆಯ ಮೇಲೆ ಬಿಂದಿಗೆ ನೀರು ಸುರಿದಳು. ಕುಡಿ ತಲೆಯೆತ್ತಲಿಲ್ಲ.

ಗಂಡ ಪಂಚಪ್ಪ ಕಾರ್ಖಾನೆಯ ಗೆಳೆಯನಿಂದ ಒಂದು ಬಾಟಲಿ ತಂದ. ಚೀಟಿಯಿಲ್ಲ, ಹೆಸರಿಲ್ಲ, ಮೂಗು ಮುಚ್ಚಿಕೊಳ್ಳುವಂಥ ವಾಸನೆ.

"ಹತ್ತಿ ಹೊಲಕ್ಕ ಹೊಡಿಯೂದಂತ. ಒಮ್ಮೆ ಹೊಡದ್ರ ಸಾಕು" ಎಂದ. ಆತುರಗಾರನಿಗೆ ಬುದ್ಧಿ ಮಟ್ಟ!

ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುನಿಕೃಷ್ಣಮ್ಮನಿಗೆ ವಾಸನೆ ಬಡಿಯಿತು. ಅವರು ಅಟ್ಟೂರಿನ ಹಳೇ ಮನೆತನದವರು, ಬಡಾವಣೆ ಬರುವ ಮುಂಚೆ ಇಲ್ಲೇ ತರಕಾರಿ ಬೆಳೆದವರು.

"ಅಯ್ಯೋ, ತಡೀರಮ್ಮ! ಬಸುರಿ ಎಂಗ್ಸು ತಿನ್ನೋ ಕಾಯಿಗೆ ಇಸ ಒಡೀತೀರಾ?"

"ಮತ್ತೇನ್ ಮಾಡ್ಲಿರೀ? ಎಷ್ಟ್ ನೀರ್ ಹಾಕಿದ್ರೂ ಬಾಡಾಕತ್ತಾವ" ಎಂದಳು ಚನ್ನಕ್ಕ.

ಮುನಿಕೃಷ್ಣಮ್ಮ ಬಂದು ಜೋತ ಕುಡಿಯೊಂದನ್ನು ಚಿವುಟಿ ಸೀಳಿದರು. ಒಳಗೆ ಹುಳವೊಂದು ಹಾಯಾಗಿ ಮಲಗಿತ್ತು.

"ನೋಡಿ, ಇದು ಬಾಯಾರಿಕೆ ಅಲ್ಲ, ಉಳ. ಇಂಗೆ ನೀರು ಸುರಿದ್ರೆ ಬೇರು ಕೊಳೀತದೆ ಅಷ್ಟೇ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ರೆ ಮಾತ್ರ ನೀರಾಕಿ. ಬಾಡಿದ ಕುಡಿ, ತೂತಾದ ಕಾಯಿ ಎಲ್ಲಾ ಕಿತ್ತು ಕವರ್‌ನಾಗೆ ಕಟ್ಟಿ ಬಿಸಾಕಿ. ಒಂದ್ ಲೀಟರ್ ನೀರ್ಗೆ ಒಂದ್ ಚಿಕ್ಕ ಚಮಚ ಬೇವಿನೆಣ್ಣೆ, ಚೂರು ಸೋಪಿನ ನೀರು ಕಲಸಿ, ವಾರಕ್ಕೊಂದ್ಸಲ ಸಂಜೆ ಒತ್ತು ಒಡೀರಿ. ಬಿಸಿಲಿಗೆ ಅಸ್ರು ನೆಟ್ ಕಟ್ಟಿ."

"ಬೇವಿನೆಣ್ಣಿಗೆ ಹುಳ ಸಾಯ್ತಾವೇನ್ರಿ?" ಪಂಚಪ್ಪ ನಕ್ಕ.

"ಒಳಗಿರೋದು ಸಾಯಲ್ಲಪ್ಪ, ಅದನ್ನ ಕೈಯಾಗೇ ಕೀಳ್ಬೇಕು. ಒಸ ಚಿಟ್ಟೆ ಬಂದು ಮೊಟ್ಟೆ ಇಡಬಾರ್ದು ಅಂತ ಬೇವು. ಆ ಬಾಟ್ಲಿ ಕೊಟ್ಟೋರಿಗೇ ವಾಪಸ್ ಕೊಡಿ, ಮೋರಿಗೆ ಸುರೀಬೇಡಿ."

ಕುಡಿ ಕತ್ತರಿಸುವಾಗ ಚನ್ನಕ್ಕನಿಗೆ ಅಳುವೇ ಬಂತು. ಗಿಡಗಳು ಬೋಳುಬೋಳಾದವು. ಪಂಚಪ್ಪ ಬಾಟಲಿಯನ್ನು ಗೆಳೆಯನಿಗೇ ಮರಳಿಸಿ, ಬರುವಾಗ ಬೇವಿನೆಣ್ಣೆ, ಹಸಿರು ನೆಟ್ ತಂದ. ದಿನಗಳು ನೆಟ್‌ನ ಹಸಿರು ನೆರಳಿನಲ್ಲಿ ನಿದ್ದೆಗಣ್ಣಿನಲ್ಲೇ ಸರಿದವು. ಒಂದು ಬೆಳಿಗ್ಗೆ ಎಲೆಯ ಸಂದಿಯಲ್ಲಿ ನೇರಳೆ ಹೂವು ಕಂಡಾಗ, ಕನಸೋ ನಿಜವೋ ಎಂದು ಅವಳು ಮುಟ್ಟಿ ನೋಡಿದಳು.

ಕುಬುಸದ ದಿನಕ್ಕೆ ಸಿಕ್ಕಿದ್ದು ಬೊಗಸೆಯಷ್ಟು ಕಾಯಿ. ಬಂದವರ ಊಟಕ್ಕೆ ಯಶವಂತಪುರ ಮಾರುಕಟ್ಟೆಯ ತರಕಾರಿಯೇ ಆಯಿತು. ಬೊಗಸೆ ಕಾಯಿಯನ್ನು ಚೆನ್ನಾಗಿ ತೊಳೆದು ಚನ್ನಕ್ಕ ಎಣ್ಣೆಗಾಯಿ ಮಾಡಿದಳು. ಮಗಳ ತಟ್ಟೆಗೆ ಬಡಿಸಿದವನು ಪಂಚಪ್ಪ.

"ತಿನ್ನವ್ವಾ, ಹೊಟ್ಟಿತುಂಬ ತಿನ್ನು. ಬೇವು ಬಿಟ್ರ ಇದಕ್ಕ ನಾವು ಏನೂ ಹೊಡದಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಕುಡಿ ಜೋತುಬಿದ್ದರೆ ಬಿಂದಿಗೆಗೋ ಬಾಟಲಿಗೋ ಕೈ ಹಾಕುವ ಮೊದಲು ಒಂದು ಕುಡಿ ಸೀಳಿ ನೋಡಿ. ಚೀಟಿಯಿಲ್ಲದ ಔಷಧವನ್ನು ಮನೆಯೊಳಗೇ ತರಬೇಡಿ. ಫಸಲು ಬೊಗಸೆಯಷ್ಟೇ ಬರಲಿ, ನಿಮ್ಮ ಮನೆಯ ಬಸುರಿ ಅದನ್ನು ನೆಮ್ಮದಿಯಿಂದ ಉಣ್ಣಲಿ.